ಒಂದರಿಂದ ಅರವತ್ನಾಲ್ಕು

ಒಂದು ಊರಿತ್ತು. ಎಲ್ಲಿತ್ತು ಎಂದು ಕೇಳಬೇಡಿ. ಆ ಊರಿನವರನ್ನೇ ಕೇಳಿದ್ದರೂ ಅವರು ಮೊದಲು ಅಂಗಳಕ್ಕೆ ಓಡಿ, ನೆಲ ನೋಡಿಕೊಂಡು ಬಂದು, ಆಮೇಲೆ ಬಾಯಿ ಬಿಡುತ್ತಿದ್ದರು. ಅಲ್ಲಿ ದಾರಿಯೆಂದರೆ ಕಾಲಿಗೆ ಸಿಗುವ ನೆಲವಲ್ಲ. ಅಕ್ಕಪಕ್ಕದ ಎರಡು ಮನೆಯವರು ಗಳಿಗೆಗೊಮ್ಮೆ ಒಬ್ಬರನ್ನೊಬ್ಬರು "ಇದ್ದೀರಾ?" ಎಂದು ಕೂಗಿ, "ಇದ್ದೀವಿ" ಎಂಬ ಉತ್ತರ ಪಡೆದರೆ ಆ ಎರಡು ಮನೆಗಳ ನಡುವೆ ದಾರಿಯುಂಟು. ನಾಲ್ಕು ಸಲ ಕೂಗಿದರೂ ಓಗೊಡದಿದ್ದರೆ ದಾರಿ ಇಲ್ಲ. ನೆಲ ಅಲ್ಲೇ ಇರುತ್ತದೆ, ಹಾಸಿದ ಕಲ್ಲು ಅಲ್ಲೇ ಇರುತ್ತದೆ, ಕೋಳಿಗಳು ಆರಾಮವಾಗಿ ಓಡಾಡಿಕೊಂಡಿರುತ್ತವೆ. ಮನುಷ್ಯರಿಗೆ ಮಾತ್ರ ದಾರಿ ಇಲ್ಲ. ಓಗೊಡದವರು ಸತ್ತಂತೆ.

ಪ್ರತಿ ಮನೆಯ ಅಂಗಳದಲ್ಲೂ ಇಡೀ ಊರನ್ನು ಬಿಳಿ ಪುಡಿಯಲ್ಲಿ ಬರೆದಿರಬೇಕು. ಎಲ್ಲೋ ಒಂದು ದಾರಿ ಹುಟ್ಟಿದರೆ, ಎಲ್ಲೋ ಒಂದು ದಾರಿ ಸತ್ತರೆ, ಆ ಸುದ್ದಿ ಬಾಯಿಂದ ಬಾಯಿಗೆ ಹಾರಿ ಎಲ್ಲ ಬಾಗಿಲಿಗೂ ಮುಟ್ಟಬೇಕು. ಮುಟ್ಟಿದ ಕೂಡಲೇ ಎಲ್ಲರೂ ಕೈಲಿದ್ದದ್ದನ್ನು ಬಿಟ್ಟು ಅಂಗಳ ಒರೆಸಬೇಕು, ಹೊಸದಾಗಿ ಬರೆಯಬೇಕು. ಎಲ್ಲ ಅಂಗಳವೂ ಒಂದೇ ಥರ ಆಗುವವರೆಗೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಒರೆಸಿದರು, ಬರೆದರು, ಒರೆಸಿದರು, ಬರೆದರು. ಆ ಊರಿನ ಬದುಕೆಂದರೆ ಅದೇ.

ಒಮ್ಮೆ ಒಬ್ಬ ದರ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂತಿದ್ದ. ನೆರೆಯವನು ಕೂಗಿದ. ಬಾಯಿ ತುಂಬ ರಸ ಇಟ್ಟುಕೊಂಡು ಓ ಅನ್ನುವುದು ಹೇಗೆ? ದರ್ಜಿ ಉಗುಳಲು ಜಾಗ ಹುಡುಕಿ ಎದ್ದ. ಉಗುಳಿ ಬರುವಷ್ಟರಲ್ಲಿ ನಾಲ್ಕು ಕೂಗು ಮುಗಿದು, ಊರಿನ ಸಾವಿರ ಅಂಗಳಗಳಲ್ಲಿ ಅವನನ್ನು ಒರೆಸಿಯಾಗಿತ್ತು. "ಇದ್ದೀನಿ ಕಣ್ರಪ್ಪಾ" ಎಂದು ಅವನು ಬಾಯಿ ಬಡಿದುಕೊಂಡ. ಮತ್ತೆ ಸಾವಿರ ಅಂಗಳ ಒರೆಸಿದರು, ಮತ್ತೆ ಬರೆದರು. ಅಷ್ಟರಲ್ಲಿ ಅವನ ಹೆಂಡತಿ ಬಳೆ ಕಳಚಿ, ಅತ್ತು, ಮತ್ತೆ ಬಳೆ ತೊಟ್ಟು, ಗಂಡನಿಗೆ ಸರಿಯಾಗಿ ಬೈದೂ ಮುಗಿಸಿದ್ದಳು. ಊರಿನ ಅಷ್ಟೂ ಮನೆಗಳಲ್ಲಿ ಅನ್ನ ಸೀದಿತ್ತು.

ಊರಿನ ನಡುವೆ ಸುತ್ತಿ ಬಳಸಿ ಹೋಗುವ ದೊಡ್ಡ ಬೀದಿಗೆ ನಡುಬೀದಿ ಎಂದು ಹೆಸರು. ಅಲ್ಲಿ ಒಬ್ಬ ಹಿರಿಯನಿದ್ದ. ತಲೆ ಚುರುಕು, ಸೊಂಟ ನೋವು. ಬಗ್ಗಿ ಬಗ್ಗಿ ಅಂಗಳ ಬರೆದು ಅವನ ಸೊಂಟ ಹಿಡಿದುಕೊಂಡಿತ್ತು. ಊರಿನ ಹಿತಕ್ಕಾಗಿ ಯೋಚನೆ ಮಾಡಿದೆ ಎಂದು ಅವನು ಆಮೇಲೆ ಹೇಳಿಕೊಂಡನಾದರೂ ಯೋಚನೆ ಹುಟ್ಟಿದ್ದು ಸೊಂಟದಲ್ಲಿ. ಅವನು ಊರನ್ನು ಕೇರಿಗಳಾಗಿ ಒಡೆದ. ಪ್ರತಿ ಕೇರಿಯೂ ನಡುಬೀದಿಗೆ ತಾಗಿರಬೇಕು. ತಾಗುವ ಕಡೆ ಹೆಬ್ಬಾಗಿಲು ಇರಬೇಕು. ಕೇರಿಯವರು ತಮ್ಮ ಕೇರಿಯನ್ನು ಮಾತ್ರ ಎಳೆಎಳೆಯಾಗಿ ಬರೆದುಕೊಂಡರೆ ಸಾಕು. ಬಾಗಿಲು ಕಾಯುವವರು ಹೊರಗಿನವರಿಗೆ ದಿನವೂ ಒಂದೇ ಒಂದು ಸಾಲು ಸಾರಬೇಕು: ಇಂಥ ಮನೆಯಿಂದ ಇಂಥ ಮನೆಯವರೆಗೆ ಎಲ್ಲ ನನ್ನಲ್ಲೇ. ಒಳಗೆ ದಾರಿ ಹುಟ್ಟಲಿ, ಸಾಯಲಿ, ದರ್ಜಿ ಉಗುಳಲಿ, ಬಿಡಲಿ, ಒಳಗಿನ ಮಾತು ಹೊರಗೆ ಸಾರುವಂತಿಲ್ಲ.

ಕುಂಬಾರರ ಕೇರಿಯೊಂದು ನಡುಬೀದಿಗೆ ತಾಗಿರಲಿಲ್ಲ. ಮಧ್ಯೆ ಅದೇ ದರ್ಜಿಯ ಕೇರಿ ಅಡ್ಡ ಬಂದಿತ್ತು. ಹಿರಿಯ ಗಡ್ಡ ಸವರಿಕೊಂಡು ಯೋಚಿಸಿ, ದರ್ಜಿಯ ಅಡಿಗೆಮನೆಯೂ ನಡುಬೀದಿಯೇ ಎಂದು ಅಪ್ಪಣೆ ಕೊಡಿಸಿದ. ಅಂದಿನಿಂದ ಕುಂಬಾರರು ಮಡಕೆ ಹೊತ್ತು ದರ್ಜಿಯ ಒಲೆ ದಾಟಿ ಹೋಗುತ್ತಾರೆ. ದರ್ಜಿಯ ಹೆಂಡತಿ ನಡುಬೀದಿಯಲ್ಲಿ ನಿಂತು ಒಗ್ಗರಣೆ ಹಾಕುತ್ತಾಳೆ.

ಏನೇ ಆಗಲಿ, ಊರು ತಣ್ಣಗಾಯಿತು. ಜನ ಬಿಸಿ ಅನ್ನ ಉಂಡರು.

ನಮ್ಮ ಕಥೆಯ ಕೇರಿಯಲ್ಲಿ ಅರವತ್ನಾಲ್ಕು ಮನೆ, ಎರಡು ಹೆಬ್ಬಾಗಿಲು. ಪಡುಬಾಗಿಲ ಬೀದಿಯಲ್ಲಿ ಒಂದರಿಂದ ಮೂವತ್ತೆರಡು, ಮೂಡಬಾಗಿಲ ಬೀದಿಯಲ್ಲಿ ಮೂವತ್ತಮೂರರಿಂದ ಅರವತ್ನಾಲ್ಕು. ಎರಡು ಬೀದಿಗಳ ನಡುವಿನ ಬೆಸುಗೆ ಒಂದೇ ಒಂದು, ಒಂದು ಹಿತ್ತಿಲು. ಆ ಹಿತ್ತಿಲು ಒಬ್ಬ ತಾಯಿಯದು. ತಾಯಿ ತೀರಿಕೊಂಡ ಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳು ಎರಡು ಬಾಗಿಲು ಕಾಯುತ್ತಿದ್ದರು. ತಂಗಿ ಪಡುಬಾಗಿಲಿನಲ್ಲಿ, ಒಂದನೆಯ ಮನೆ. ಅಕ್ಕ ಮೂಡಬಾಗಿಲಿನಲ್ಲಿ, ಅರವತ್ನಾಲ್ಕನೆಯ ಮನೆ. ಹಿತ್ತಿಲಿನಲ್ಲಿ ನಡೆದರೆ ಇಬ್ಬರ ಮನೆಗಳ ನಡುವೆ ಇಪ್ಪತ್ತು ಹೆಜ್ಜೆ. ನಡುಬೀದಿಯಲ್ಲಿ ಸುತ್ತಿ ಹೋದರೆ ಅರ್ಧ ದಿನ. ಗಳಿಗೆಗೊಮ್ಮೆ ಅವರು ಹಿತ್ತಿಲಿನ ಎರಡು ಕಡೆ ನಿಂತು, "ಇದ್ದೀಯೇನೇ?" "ಇದ್ದೀನಿ ಕಣೇ" ಎಂದು ಕೂಗಿಕೊಳ್ಳುತ್ತಿದ್ದರು. ಆ ಎರಡು ಕೂಗಿನಿಂದ ಕೇರಿ ಒಂದಾಗಿತ್ತು.

ತಾಯಿ ಹೇರಳೆಕಾಯಿ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ. ಅಳತೆ ಮಾತ್ರ ಯಾರಿಗೂ ಹೇಳಿಕೊಡಲಿಲ್ಲ. ಅವಳು ತೀರಿಕೊಂಡ ವರ್ಷ ತಂಗಿ ತಾನೇ ಉಪ್ಪಿನಕಾಯಿ ಹಾಕಿ ಅಕ್ಕನಿಗೆ ಬಡಿಸಿದಳು. ಅಕ್ಕ ಒಂದು ಹೋಳು ಬಾಯಿಗಿಟ್ಟು, "ಉಪ್ಪು ಜಾಸ್ತಿ ಆಯ್ತು" ಅಂದಳು. ಅಷ್ಟೇ ಅಂದದ್ದು. ಅಮ್ಮ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ತಂಗಿಗೆ ಅದೂ ಕೇಳಿಸಿತು.

ಮರುದಿನ ಅಕ್ಕ ಹಿತ್ತಿಲಿಗೆ ಬಂದು ಕೂಗಿದಳು. "ಇದ್ದೀಯೇನೇ?" ತಂಗಿ ಬಾಗಿಲ ಹಿಂದೆ ನಿಂತು ತುಟಿ ಬಿಗಿದುಕೊಂಡಳು. ಎರಡನೆಯ ಸಲ ಕೂಗಿದಳು. ಮೂರನೆಯ ಸಲ ಕೂಗಿದಳು. ನಾಲ್ಕನೆಯ ಸಲ ಕೂಗಿದಾಗ ಅಕ್ಕನ ದನಿ ಸ್ವಲ್ಪ ನಡುಗಿತು. ಇನ್ನೊಂದು ಸಲ ಕೂಗಲಿ, ಐದನೆಯ ಸಲ ಓ ಅನ್ನೋಣ ಎಂದು ತಂಗಿ ಕಾದಳು. ಆ ಊರಿನಲ್ಲಿ ಐದನೆಯ ಸಲ ಎಂಬುದೇ ಇಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯ ಅಂಗಳದಲ್ಲಿ ಒದ್ದೆ ಬಟ್ಟೆಯಿಂದ ನೆಲ ಒರೆಸುವ ಸದ್ದು ಕೇಳಿಸಿತು. ತನ್ನನ್ನೇ ಒರೆಸುತ್ತಿದ್ದಾಳೆ ಎಂದು ತಂಗಿಗೆ ಗೊತ್ತಾಯಿತು. ಅವಳೂ ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಅಂಗಳದಲ್ಲಿ ಬರೆದಿದ್ದ ಹಿತ್ತಿಲನ್ನೂ ಅಕ್ಕನ ಮನೆಯನ್ನೂ ಅದರಾಚೆಯ ಮೂವತ್ತೊಂದು ಮನೆಗಳನ್ನೂ ಒರೆಸಿ ಹಾಕಿದಳು.

ಕೇರಿ ಎರಡು ಹೋಳಾಯಿತು. ನಡುಬೀದಿಗೆ ಅದು ತಿಳಿಯಲಿಲ್ಲ, ಯಾಕೆಂದರೆ ಒಳಗಿನ ಮಾತು ಹೊರಗೆ ಸಾರುವಂತಿಲ್ಲ. ಮರುದಿನ ಬೆಳಿಗ್ಗೆ ತಂಗಿ ಪಡುಬಾಗಿಲಿನಲ್ಲಿ ನಿಂತು ಎಂದಿನ ದನಿಯಲ್ಲಿ, "ಒಂದರಿಂದ ಅರವತ್ನಾಲ್ಕು, ಎಲ್ಲ ನನ್ನಲ್ಲೇ" ಎಂದು ಸಾರಿದಳು. ಅರ್ಧ ದಿನದ ದಾರಿಯಾಚೆ ಅಕ್ಕ ಮೂಡಬಾಗಿಲಿನಲ್ಲಿ ನಿಂತು ಅದನ್ನೇ ಸಾರಿದಳು. ಸೋಲುವುದು ಇಬ್ಬರಿಗೂ ಬೇಕಿರಲಿಲ್ಲ.

ಈಗ ತೊಂದರೆ ಶುರುವಾಯಿತು. ನಡುಬೀದಿಯ ಹೊರೆಯಾಳುಗಳು ತಮ್ಮ ಅಂಗಳ ನೋಡುತ್ತಾರೆ. ಎರಡು ಬಾಗಿಲಿನವರೂ ಎಲ್ಲ ನನ್ನಲ್ಲೇ ಅನ್ನುತ್ತಿದ್ದಾರೆ. ಹಾಗಾದರೆ ಹತ್ತಿರದ ಬಾಗಿಲಿಗೆ ಹೋದರಾಯಿತು. ಹೀಗೆ ಐವತ್ತನೆಯ ಮನೆಗೆ ಹೋಗಬೇಕಾದ ಹಾಸಿಗೆಯ ಸುರುಳಿ ಪಡುಬಾಗಿಲಿಗೆ ಬರುತ್ತಿತ್ತು. ತಂಗಿ ಏನು ಮಾಡಬೇಕು? ಅದಕ್ಕೂ ಹಿರಿಯ ನಿಯಮ ಮಾಡಿಟ್ಟಿದ್ದ. ಪ್ರತಿ ಹೆಬ್ಬಾಗಿಲ ಹಿಂದೆಯೂ ಒಂದು ಗುಂಡಿ. ಅದರ ಹೆಸರು ಇಲ್ಲದ ಗುಂಡಿ. ಬಾಗಿಲು ಕಾಯುವವಳು ಹೊರೆಯನ್ನು ನೋಡುವಂತಿಲ್ಲ, ಮನೆ ಎಷ್ಟು ಎಂದು ಮಾತ್ರ ಕೇಳಬೇಕು. ಆ ಮನೆ ತನ್ನ ಅಂಗಳದಲ್ಲಿ ಇಲ್ಲದಿದ್ದರೆ ಗುಂಡಿಗೆ ಬೆನ್ನು ತಿರುಗಿಸಿ, "ಇಲ್ಲ, ಇಲ್ಲ, ಇಲ್ಲ" ಎಂದು ಹೇಳಿ, ಹೊರೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಎಸೆದದ್ದನ್ನು ಯಾರೂ ಕೇಳುವಂತಿಲ್ಲ. ಗುಂಡಿಯಲ್ಲಿ ಬಿದ್ದದ್ದರ ಜೊತೆ ಮಾತಾಡುವಂತಿಲ್ಲ.

ತಂಗಿ ಎಸೆದಳು. ಹಾಸಿಗೆ ಎಸೆದಳು, ಹಪ್ಪಳದ ಕಟ್ಟು ಎಸೆದಳು, ಲಗ್ನಪತ್ರಿಕೆ ಎಸೆದಳು. ಕ್ರಮೇಣ ಕೈ ಪಳಗಿ, ನಿದ್ದೆಗಣ್ಣಿನಲ್ಲೂ ಎಸೆಯುವಷ್ಟು ನಿಪುಣೆಯಾದಳು. ಅರವತ್ನಾಲ್ಕನೆಯ ಮನೆ ಎಂದು ಯಾರಾದರೂ ಹೇಳಿದರೆ ಮಾತ್ರ ಅವಳಿಗೆ ಎಚ್ಚರವಾಗುತ್ತಿತ್ತು. ಅಕ್ಕನ ಮನೆಯ ಹೊರೆಯನ್ನು ಅವಳು ಎರಡು ಪಟ್ಟು ಜೋರಾಗಿ ಎಸೆಯುತ್ತಿದ್ದಳು. ಅದರಲ್ಲಿ ಏನೋ ಒಂದು ಸುಖವಿತ್ತು.

ಹೀಗೆ ಹನ್ನೊಂದು ವರ್ಷ. ಅಷ್ಟು ಕಾಲ ಒಂದಕ್ಷರವೂ ಬದಲಾಗದ ಸಾಲು ಊರಿನಲ್ಲಿ ಬೇರೆ ಇರಲಿಲ್ಲ. ಹಿರಿಯನಿಗೆ ಹಿಗ್ಗೋ ಹಿಗ್ಗು. ಪಡುಬಾಗಿಲಿನಿಂದಾಗಿ ಒಂದು ದಿನವೂ ತಾನು ಬಗ್ಗಬೇಕಾಗಿ ಬಂದಿಲ್ಲ ಎಂದು ತಂಗಿಗೆ ಬೆಳ್ಳಿ ಕಟ್ಟಿನ ಕೋಲೊಂದನ್ನು ಕೊಟ್ಟು ಗೌರವಿಸಿದ. ತಂಗಿ ಅದನ್ನು ದಿನಕ್ಕೆರಡು ಸಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಅವಳ ಬಳಿ ಉಜ್ಜಿಕೊಳ್ಳಲು ಇದ್ದದ್ದು ಅದೊಂದೇ.

ಆದರೆ ಒಂದು ಮಾತು ಅವಳನ್ನು ಒಳಗೇ ಕೊರೆಯುತ್ತಿತ್ತು. ಪ್ರತಿ ವರ್ಷ ತಾಯಿಯ ತಿಥಿಯ ದಿನ ತಂಗಿ ಹೇರಳೆಕಾಯಿ ಉಪ್ಪಿನಕಾಯಿ ಹಾಕಿದ ಜಾಡಿಯೊಂದನ್ನು, ತನ್ನ ಗಿಳಿಹಸಿರು ಸೀರೆಯ ಹರಕಿನಲ್ಲಿ ಬಾಯಿ ಕಟ್ಟಿ, ಅಕ್ಕನ ಮನೆಗೆಂದು ಹೊರೆಯಾಳಿನ ಕೈಗೆ ಕೊಡುತ್ತಿದ್ದಳು. ಹಿತ್ತಿಲಿನಲ್ಲಿ ದಾರಿ ಇಲ್ಲ, ಹೊರಗಿನಿಂದಲಾದರೂ ಸುತ್ತಿ ಹೋಗಲಿ ಎಂದು. ಈ ಸಲ ಉಪ್ಪು ಸರಿಯಾಗಿದೆ ನೋಡು ಎಂಬುದು ಅದರ ಅರ್ಥ. ಅದರೊಳಗೆ ಇನ್ನೂ ಒಂದು ಅರ್ಥವಿತ್ತು, ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಹನ್ನೊಂದು ಜಾಡಿ ಕಳಿಸಿದಳು. ಚೆನ್ನಾಗಿದೆ ಎಂದಾಗಲೀ ಹಾಳಾಗಿ ಹೋಗು ಎಂದಾಗಲೀ ಒಂದು ಮಾತು ಬರಲಿಲ್ಲ. ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದಾಗ ಆ ಕಡೆಯ ಹಗ್ಗದ ಮೇಲೆ ಅಕ್ಕನ ಸೀರೆ ಆಡುವುದು ಕಾಣುತ್ತಿತ್ತು. ತಂಗಿ ಆ ಕಡೆ ಬೆನ್ನು ಮಾಡಿ ಬಟ್ಟೆ ಹಿಂಡುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

ಹನ್ನೆರಡನೆಯ ತಿಥಿ ಬಂತು. ತಂಗಿ ಬೆಳಿಗ್ಗೆಯೇ ಹನ್ನೆರಡನೆಯ ಜಾಡಿಯನ್ನು ಕೊಟ್ಟು ಕಳಿಸಿ, ಊಟ ಮುಗಿಸಿ, ಗುಂಡಿಯ ಪಕ್ಕದ ಕಟ್ಟೆಯ ಮೇಲೆ ಕೋಲು ಉಜ್ಜುತ್ತಾ ಕೂತಿದ್ದಳು. ಗುಂಡಿಯೊಳಗಿಂದ ಒಂದು ದನಿ ಬಂತು.

"ಬಾಗಿಲಮ್ಮಾ, ಈ ವರ್ಷದ ಉಪ್ಪಿನಕಾಯಿ ಯಾವಾಗ ಬೀಳುತ್ತೆ?"

ಗುಂಡಿಯೊಳಗೆ ಒಬ್ಬ ಮದುಮಗ ಇರುವುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಏಳು ವರ್ಷದ ಹಿಂದೆ ಬಾಸಿಂಗ ಕಟ್ಟಿಕೊಂಡು ಬಂದಿದ್ದ. ಮನೆ ಎಷ್ಟು ಎಂದು ಕೇಳಿದಳು. ನಲವತ್ತು ಅಂದ. ಎಸೆದಳು. ಆಗಾಗ ಮಧ್ಯಾಹ್ನದ ಹೊತ್ತು ಗುಂಡಿಯೊಳಗಿಂದ ಸೋಬಾನೆ ಹಾಡು ಕೇಳಿಸುತ್ತಿತ್ತು. ಅದು ಗಾಳಿ ಎಂದು ಅವಳು ತೀರ್ಮಾನಿಸಿದ್ದಳು. ಈಗಲೂ ಅವಳು ಕೋಲು ಉಜ್ಜುವುದನ್ನು ಬಿಡಲಿಲ್ಲ.

"ಹೋದ ವರ್ಷದ್ದು ತಳ ಕಂಡಿದೆ" ಎಂದಿತು ದನಿ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಉಪ್ಪು ಸ್ವಲ್ಪ ಜಾಸ್ತಿ."

ತಂಗಿಯ ಕೈ ನಿಂತಿತು. ಹನ್ನೊಂದು ವರ್ಷ ಒಂದು ನಿಯಮವನ್ನೂ ಮುರಿಯದವಳು ಗುಂಡಿಯ ಅಂಚಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರೋ ಅದು ಉಪ್ಪು ಜಾಸ್ತಿ ಅಂದೋನು?"

ಹಾಸಿಗೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಮದುಮಗ ಎದ್ದು ನಿಂತು ಪಂಚೆ ಸರಿಮಾಡಿಕೊಂಡ. ಒಳ್ಳೆ ಮೈ ಬಂದಿತ್ತು. ಏಳು ವರ್ಷ ಬೇರೆಯವರ ಮನೆಯ ಚಕ್ಕುಲಿ, ಹೋಳಿಗೆ ತಿಂದವನು. ಬಾಸಿಂಗ ಮಾತ್ರ ಸ್ವಲ್ಪ ಬಾಡಿತ್ತು.

"ಏಳು ವರ್ಷದಿಂದ ಇಲ್ಲೇ ಕೂತಿದ್ದೀಯಲ್ಲ, ಎದ್ದು ಹೋಗೋಕೇನು ನಿಂಗೆ?" ಎಂದು ಕೇಳಿದಳು ತಂಗಿ.

"ಹೋದೆನಲ್ಲಮ್ಮ. ಹತ್ತಿ ನಡುಬೀದಿಗೆ ಹೋದೆ. ನಲವತ್ತನೇ ಮನೆ ಅಂದೆ. ಪಡುಬಾಗಿಲು ಹತ್ತಿರ ಅಂತ ಇಲ್ಲಿಗೇ ಕಳಿಸಿದರು. ಮತ್ತೆ ಎಸೆದಿರಿ. ಮತ್ತೆ ಹೋದೆ. ಮತ್ತೆ ಇಲ್ಲಿಗೇ ಕಳಿಸಿದರು. ಮೂರು ಸಲ ಎಸೆದಿದ್ದೀರಿ ನನ್ನ. ಇಲ್ಲೇ ಇರೋದು ವಾಸಿ ಅನ್ನಿಸ್ತು. ನಲವತ್ತನೇ ಮನೆ ಹೆಂಚು ಇಲ್ಲಿಂದಲೇ ಕಾಣುತ್ತೆ, ಅಗೋ."

"ಆ ಕಡೆ ದಾರಿ ಇಲ್ಲ."

"ಕೋಳಿ ಓಡಾಡ್ತಾ ಇದಾವೆ" ಎಂದ ಮದುಮಗ.

ತಂಗಿಯ ಕಣ್ಣು ಅವನ ಹಿಂದೆ ನಿಂತಿತ್ತು. ಗೋಡೆಯುದ್ದಕ್ಕೂ ಜಾಡಿಗಳನ್ನು ಅವನು ಒಪ್ಪವಾಗಿ ಜೋಡಿಸಿಟ್ಟಿದ್ದ. ಹತ್ತು ಜಾಡಿ, ಪಕ್ಕದಲ್ಲಿ ಒಡೆದ ಒಂದರ ಚೂರು. ಎಲ್ಲದರ ಬಾಯಿಗೂ ಗಿಳಿಹಸಿರು ಸೀರೆಯ ಹರಕು. ಅದು ಅವಳದೇ ಸೀರೆ. ಸೆರಗಿನ ಮಾವಿನಕಾಯಿಗಳನ್ನು ಎಣಿಸಿ ಎಣಿಸಿ ಅವಳೇ ಹರಿದದ್ದು.

"ಇವು ಎಲ್ಲಿಂದ ಬಂದವು?"

"ನೀವೇ ಎಸೀತೀರಲ್ಲಮ್ಮ, ವರ್ಷಕ್ಕೊಂದು. ತಿಥಿ ಆಗಿ ನಾಲ್ಕನೇ ದಿನ. ನಾನು ಬರೋಕೆ ಮುಂಚೆನೇ ನಾಲ್ಕು ಬಿದ್ದಿದ್ದವು. ಅದೇನು ಕೋಪವೋ ಅದರ ಮೇಲೆ, ಬೇರೆ ಯಾವುದನ್ನೂ ಅಷ್ಟು ಜೋರಾಗಿ ಎಸೆಯಲ್ಲ ನೀವು. ಹಾಸಿಗೆ ಇಲ್ಲದಿದ್ದರೆ ಒಂದೂ ಉಳೀತಿರಲಿಲ್ಲ."

ತಂಗಿ ಕಟ್ಟೆಯ ಮೇಲೆ ಕೂತಳು. ಆದದ್ದೇನು ಎಂದು ಅವಳಿಗೆ ನಿಧಾನವಾಗಿ ಹೊಳೆಯಿತು. ಅವಳು ಕೊಟ್ಟ ಜಾಡಿ ನಡುಬೀದಿಗೆ ಹೋಗಿ, ಸರದಿಗಾಗಿ ಮೂರು ದಿನ ಕಾದು, ನಾಲ್ಕನೆಯ ದಿನ ಬೇರೆ ಹೊರೆಯಾಳಿನ ಕೈಗೆ ಬರುತ್ತಿತ್ತು. ಅವನು ಅಂಗಳ ನೋಡುತ್ತಿದ್ದ. ಒಂದರಿಂದ ಅರವತ್ನಾಲ್ಕು ಎಲ್ಲ ಪಡುಬಾಗಿಲಿನಲ್ಲೇ ಎಂದು ಅವಳೇ ಸಾರಿದ್ದಳು, ಅವನು ಅದನ್ನು ನಂಬಿ ಅವಳ ಬಾಗಿಲಿಗೇ ತರುತ್ತಿದ್ದ. ಅವಳು ಬೆನ್ನು ತಿರುಗಿಸಿ, ಮನೆ ಎಷ್ಟು ಎಂದು ಕೇಳಿ, ಅಕ್ಕನ ಮನೆ ಎಂದು ಗೊತ್ತಾದ ಕೂಡಲೇ ಹಲ್ಲು ಕಚ್ಚಿ ಎಸೆಯುತ್ತಿದ್ದಳು. ಅಕ್ಕ ಒಂದು ಹೋಳೂ ತಿಂದಿರಲಿಲ್ಲ. ತಿನ್ನದವಳನ್ನು ಹನ್ನೊಂದು ವರ್ಷ ಬೈದುಕೊಂಡದ್ದಾಗಿತ್ತು. ತಂಗಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಷ್ಟೇ ದುಃಖವೂ ಆಯಿತು.

ಹಿತ್ತಿಲಿಗೆ ಹೋಗಿ ಒಂದು ಕೂಗು ಹಾಕಬಹುದಿತ್ತು. ಇಪ್ಪತ್ತು ಹೆಜ್ಜೆ. ಆದರೆ ಅಕ್ಕನ ಅಂಗಳದಲ್ಲಿ ಅವಳು ಸತ್ತವಳು. ಸತ್ತವಳ ಕೂಗಿಗೆ ಅಕ್ಕ ಓಗೊಡದೆ ನಾಲ್ಕು ಸಲ ಸುಮ್ಮನಿದ್ದರೆ, ನಿಯಮದ ಪ್ರಕಾರ ಅಕ್ಕನೂ ಸತ್ತಂತೆ. ಇಲ್ಲಿಯವರೆಗೆ ಓಗೊಡದೆ ಸತ್ತವಳು ತಾನೊಬ್ಬಳೇ. ಇಬ್ಬರನ್ನೂ ಸಾಯಿಸುವ ಧೈರ್ಯ ತಂಗಿಗೆ ಬರಲಿಲ್ಲ. ಮೊದಲು ಉಪ್ಪಿನಕಾಯಿ ತಲುಪಲಿ ಎಂದುಕೊಂಡಳು. ಬೆಳಿಗ್ಗೆ ಕಳಿಸಿದ ಜಾಡಿ ಇನ್ನು ನಾಲ್ಕು ದಿನಕ್ಕೆ ತಿರುಗಿ ತನ್ನ ಗುಂಡಿಗೇ ಬರುತ್ತದೆ. ಬರದಂತೆ ಮಾಡಲು ಒಂದೇ ಉಪಾಯವಿತ್ತು, ಅದಕ್ಕೆ ಅವಳ ಮರ್ಯಾದೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಪಡುಬಾಗಿಲಿನಲ್ಲಿ ನಿಂತು ಸಾರಿದಳು.

"ಒಂದರಿಂದ ಮೂವತ್ತೆರಡು ನನ್ನಲ್ಲಿ. ಅದರಾಚೆ ನನ್ನಲ್ಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲ."

ಸಾವಿರ ಅಂಗಳಗಳಲ್ಲಿ ಒದ್ದೆ ಬಟ್ಟೆ ಬಿದ್ದವು. ಒರೆಸಿದರು, ಬರೆದರು. ಬಿಳಿ ಪುಡಿ ಊರಿನ ಮೇಲೆ ಮಂಜಾಗಿ ಎದ್ದಿತು. ಬಹಳ ವರ್ಷದ ಮೇಲೆ ಮತ್ತೆ ಅನ್ನ ಸೀದ ವಾಸನೆ ಬಂತು. ಮಧ್ಯಾಹ್ನದ ಹೊತ್ತಿಗೆ ಹಿರಿಯನೇ ಪಡುಬಾಗಿಲಿಗೆ ಬಂದ, ಗಡ್ಡದಿಂದ ಪಾದದವರೆಗೆ ಬಿಳಿ ಪುಡಿ, ಒಂದು ಕೈ ಸೊಂಟದ ಮೇಲೆ.

"ಏನಮ್ಮಾ ಇದು? ಹನ್ನೊಂದು ವರ್ಷ ಒಂದೇ ಸಾಲು ಸಾರಿದೋಳು ನೀನು. ಇವತ್ತೇನಾಯ್ತು?"

"ಆವಾಗ ಸುಳ್ಳು ಸಾರ್ತಿದ್ದೆ ಯಜಮಾನ್ರೇ."

"ಸುಳ್ಳಾದರೇನು, ನೆಮ್ಮದಿಯಾಗಿತ್ತಲ್ಲ" ಎಂದ ಹಿರಿಯ. ನಾಚಿಕೆ ಎಂಬುದು ಅವನ ಮುಖದಲ್ಲಿ ಇರಲಿಲ್ಲ, ಇದ್ದರೂ ಪುಡಿಯೊಳಗೆ ಕಾಣುತ್ತಿರಲಿಲ್ಲ. "ಮೂಡಬಾಗಿಲಿನೋಳು ಈಗಲೂ ಒಂದರಿಂದ ಅರವತ್ನಾಲ್ಕು ಅಂತಾನೇ ಕೂಗ್ತಾ ಇದಾಳೆ. ಈಗ ಯಾರ ಮಾತು ಕೇಳಬೇಕು ನಾವು?"

"ಅವಳು ಕೂಗಿಕೊಳ್ಳಲಿ. ಎರಡು ಬಾಗಿಲು ಎರಡು ಥರ ಹೇಳಿದರೆ ಕಡಿಮೆ ಮನೆ ಹೇಳಿದ ಬಾಗಿಲನ್ನೇ ನಂಬಬೇಕು ಅಂತ ನಿಯಮ ಮಾಡಿದೋರು ನೀವೇ ಅಲ್ವಾ? ಮೂವತ್ತೆರಡರ ಒಳಗಿನದು ನನ್ನ ಕಡೆ ಕಳಿಸಿ. ಅದರಾಚೆದು ಅವಳ ಕಡೆ ಕಳಿಸಿ. ಒಬ್ಬಳು ನಿಜ ಹೇಳಿದರೆ ಸಾಕಾಗುತ್ತೆ."

ಹಿರಿಯ ತಾನು ಮಾಡಿದ ನಿಯಮಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದ. ಅಂಥದ್ದೊಂದು ಇತ್ತು. ಯಾವ ಗ್ರಹಚಾರಕ್ಕೆ ಮಾಡಿದೆನೋ ಎಂದು ಗೊಣಗಿಕೊಂಡು ಕೈ ಚಾಚಿದ. "ಕೋಲು ಕೊಡಮ್ಮ."

ತಂಗಿ ಕೋಲು ಕೊಟ್ಟಳು. ಸುಳ್ಳು ಹೇಳುವುದೇಕೆ, ಅದು ಹೋದದ್ದಕ್ಕೆ ಅವಳಿಗೆ ಹೊಟ್ಟೆ ಉರಿಯಿತು.

ಹಿರಿಯ ಅತ್ತ ಹೋಗುತ್ತಲೇ ಅವಳು ಗುಂಡಿಗೆ ಏಣಿ ಇಳಿಸಿದಳು. ಮದುಮಗ ಬಾಸಿಂಗ ಒರೆಸಿಕೊಂಡು ಹತ್ತಿ ಬಂದ. "ನಾಲ್ಕನೇ ಸಲ ಹೋಗಿ ನೋಡ್ತೀನಿ" ಎಂದ.

"ಮೂರು ಸಲ ಎಸೆದೆ, ಮನಸ್ಸಿಗೆ ಹಚ್ಕೋಬೇಡಪ್ಪ."

"ಮೊದಲನೇ ಸಲ ನೋವಾಯ್ತು. ಆಮೇಲೆ ಹಾಸಿಗೆ ಇದ್ದವು" ಎಂದು ಹೇಳಿ ಅವನು ನಡುಬೀದಿಯ ಕಡೆ ಹೊರಟ. ಅವತ್ತು ಅವನು ವಾಪಸು ಬರಲಿಲ್ಲ. ಮರುದಿನವೂ ಬರಲಿಲ್ಲ. ತಂಗಿಗೆ ಧೈರ್ಯ ಬಂತು.

ನಾಲ್ಕನೆಯ ದಿನ ಹೊರೆಯಾಳು ಬಂದ. ತಂಗಿ ರೂಢಿಯಂತೆ ಬೆನ್ನು ತಿರುಗಿಸಿ, "ಮನೆ ಎಷ್ಟು?" ಎಂದಳು.

"ಒಂದು."

ಇಲ್ಲ ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಒಂದು ಎಂದರೆ ಅವಳದೇ ಮನೆ. ಅವಳು ತಿರುಗಿದಳು. ಬಾಗಿಲು ಕಾಯುವ ಕೆಲಸಕ್ಕೆ ಬಂದಮೇಲೆ ಮೊದಲ ಸಲ ಹೊರೆಯನ್ನು ಕಣ್ಣಿಟ್ಟು ನೋಡಿದಳು. ಒಂದು ಜಾಡಿ. ಬಾಯಿಗೆ ನೀಲಿ ಸೀರೆಯ ಹರಕು, ಹಿತ್ತಿಲಿನ ಆಚೆ ಹಗ್ಗದ ಮೇಲೆ ಆಡುತ್ತಿದ್ದದ್ದು. ಕಟ್ಟಿದ ಗಂಟು ಮೂರು ಸುತ್ತಿನದು, ತುದಿ ಒಳಗೆ ಸಿಕ್ಕಿಸಿದ್ದು. ಹಾಗೆ ಗಂಟು ಹಾಕುತ್ತಿದ್ದವಳು ಅವರ ತಾಯಿ.

"ವರ್ಷ ವರ್ಷ ಬರ್ತಿತ್ತಮ್ಮ ಇದು" ಎಂದ ಹೊರೆಯಾಳು. "ಮೂಡಬಾಗಿಲಿಂದ ಹೊರಟು ಮೂಡಬಾಗಿಲಿಗೇ ವಾಪಸು ಬೀಳ್ತಿತ್ತು. ಆ ಬಾಗಿಲೇ ಹತ್ತಿರ, ಅವರೂ ಎಲ್ಲ ನನ್ನಲ್ಲೇ ಅಂತಿದ್ದರು. ಮೂರು ಸಲ ಇಲ್ಲ ಅಂದು ಆ ಯಮ್ಮನೇ ಗುಂಡಿಗೆ ಎಸೀತಿದ್ದರು. ಸಕತ್ತು ಜೋರಾಗಿ ಎಸೀತಿದ್ದರು."

"ಇದನ್ನ ಒಂದು ದಿನ ಬಾಯಿಬಿಟ್ಟು ಹೇಳೋಕಾಗಲಿಲ್ವೇನೋ ನಿಂಗೆ?"

"ಮನೆ ಎಷ್ಟು ಅಂತ ಕೇಳ್ತೀರಿ. ಯಾರು ಕಳಿಸಿದ್ದು ಅಂತ ಯಾರಮ್ಮ ಕೇಳ್ತಾರೆ?" ಎಂದು ಹೇಳಿ ಅವನು ತನ್ನ ದಾರಿ ಹಿಡಿದ.

ತಂಗಿ ಅಲ್ಲೇ ನೆಲಕ್ಕೆ ಕೂತು ಗಂಟು ಬಿಚ್ಚಿದಳು. ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು. ಉಪ್ಪೆಂದರೆ ಉಪ್ಪು. ತನ್ನದಕ್ಕಿಂತ ಹೆಚ್ಚೇ ಇತ್ತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡು ಅವಳು ಎದ್ದು ಹಿತ್ತಿಲಿಗೆ ನಡೆದಳು.

ಆ ಕಡೆಯ ಬಾಗಿಲು ಅರ್ಧ ತೆರೆದಿತ್ತು. ಯಾರೂ ಕಾಣಲಿಲ್ಲ. ನಡುವೆ ಇಪ್ಪತ್ತು ಹೆಜ್ಜೆ ನೆಲ, ಎರಡು ಕೋಳಿ.

"ಅಕ್ಕಾ, ಇದ್ದೀಯಾ?"

ಸದ್ದಿಲ್ಲ. ಕೋಳಿ ಕತ್ತೆತ್ತಿ ನೋಡಿತು.

"ಅಕ್ಕಾ, ಇದ್ದೀಯಾ?"

ಸದ್ದಿಲ್ಲ. ಮೂರನೆಯ ಸಲ ಕೂಗಿದಳು. ಹನ್ನೊಂದು ವರ್ಷದ ಹಿಂದೆ ಇದೇ ಹಿತ್ತಿಲಿನಲ್ಲಿ ಅಕ್ಕನಿಗೆ ಹೇಗಾಗಿದ್ದಿರಬೇಕು ಎಂದು ಆಗ ಅವಳಿಗೆ ತಿಳಿಯಿತು. ನಾಲ್ಕನೆಯ ಸಲ ಕೂಗುವಾಗ ಅವಳ ದನಿಯೂ ನಡುಗಿತು. ಉತ್ತರ ಬರಲಿಲ್ಲ.

ಇನ್ನು ಅವಳು ಒಳಗೆ ಹೋಗಿ ಬಟ್ಟೆ ಒದ್ದೆ ಮಾಡಬೇಕು. ನಿಯಮ ಹಾಗೆ. ಕಾಲು ಎರಡು ಹೆಜ್ಜೆ ಒಳಗೆ ಹೋಯಿತು ಕೂಡ. ಅವಳು ನಿಂತಳು. ಹಾಳಾಗಿ ಹೋಗಲಿ ನಿಯಮ ಎಂದುಕೊಂಡು ತಿರುಗಿ, ಆ ಊರಿನಲ್ಲಿ ಯಾರೂ ಎಂದೂ ಕೂಗದಿದ್ದ ಐದನೆಯ ಸಲ ಕೂಗಿದಳು.

"ಅಕ್ಕಾ, ಇದ್ದೀಯೇನೇ?"

"ಇದ್ದೀನಿ ಕಣೇ" ಎಂದು ಒಳಗಿಂದ ಉತ್ತರ ಬಂತು, ಅರ್ಧ ನುಂಗಿದ ದನಿಯಲ್ಲಿ. ಕೈಯಲ್ಲಿ ಗಿಳಿಹಸಿರು ಹರಕಿನ ಜಾಡಿ ಹಿಡಿದುಕೊಂಡು ಅಕ್ಕ ಬಾಗಿಲಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು. "ಬಾಯಿ ತುಂಬ ಉಪ್ಪಿನಕಾಯಿ ಇತ್ತು. ನುಂಗೋಕೆ ಬಿಡ್ತೀಯಾ ನೀನು?"

ತಂಗಿ ಅಕ್ಕನ ಕೈಯ ಜಾಡಿಯನ್ನು ನೋಡಿದಳು.

"ಉಪ್ಪು?" ಎಂದು ಕೇಳಿದಳು ತಂಗಿ.

"ಜಾಸ್ತಿ."

"ನಿಂದೂ ಜಾಸ್ತಿ."

"ಅಮ್ಮಂದೂ ಜಾಸ್ತಿನೇ ಇರ್ತಿತ್ತು ಕಣೇ" ಎಂದಳು ಅಕ್ಕ. "ಆಗ ಯಾರೂ ಹೇಳ್ತಿರಲಿಲ್ಲ, ಅಷ್ಟೆ."

ಕೋಳಿಗಳ ನಡುವೆ ತಂಗಿ ಇಪ್ಪತ್ತು ಹೆಜ್ಜೆ ನಡೆದು ಹೋದಳು. ಅವತ್ತು ಸಂಜೆಯವರೆಗೆ ಇಬ್ಬರೂ ಅಕ್ಕನ ಬಾಗಿಲಲ್ಲಿ ಕೂತು, ಹನ್ನೊಂದು ವರ್ಷ ಯಾರು ಹೆಚ್ಚು ಜೋರಾಗಿ ಎಸೆದರು ಎಂದು ವಾದ ಮಾಡಿದರು. ಮದುಮಗನ ಸುದ್ದಿಯನ್ನೂ ಅಕ್ಕ ಹೇಳಿದಳು. ನಲವತ್ತನೆಯ ಮನೆಯ ಹುಡುಗಿ ಬಾಗಿಲು ತೆರೆದು ಅವನನ್ನು ಮೇಲಿಂದ ಕೆಳಗೆ ನೋಡಿ, ಏಳು ವರ್ಷ ಎಲ್ಲಿದ್ದಿರಿ ಎಂದು ಕೇಳಿದಳಂತೆ. ನಿಮ್ಮ ಹಿತ್ತಿಲಾಚೆ ಎಂದನಂತೆ ಅವನು. ದಪ್ಪಗಾಗಿದ್ದೀರಿ, ಬನ್ನಿ ಎಂದು ಕಾಲಿಗೆ ನೀರು ಕೊಟ್ಟಳಂತೆ.

ಕೇರಿಯ ಅರವತ್ನಾಲ್ಕು ಮನೆಯವರೂ ಅಂಗಳ ಒರೆಸಿ, ಅಳಿಸಿಹೋಗಿದ್ದ ಹಿತ್ತಿಲನ್ನು ಮತ್ತೆ ಬರೆದರು. ಈ ಸಲ ಯಾರೂ ಗೊಣಗಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಪಡುಬಾಗಿಲಿನಲ್ಲಿ ನಿಂತು ಸಾರಿದಳು.

"ಒಂದರಿಂದ ಅರವತ್ನಾಲ್ಕು, ಎಲ್ಲ ನನ್ನಲ್ಲೇ."

ಅದೇ ಸಾಲು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಈಗ ಅದು ನಿಜವಾಗಿತ್ತು. ಊರಿನ ಸಾವಿರ ಅಂಗಳಗಳಲ್ಲಿ ಜನ ಒರೆಸಿದರು, ಬರೆದರು, ಹಿಂದೆ ಇದ್ದದ್ದೇ ಮತ್ತೆ ಬಂದದ್ದನ್ನು ನೋಡಿ ಬಾಯಿಗೆ ಬಂದಂತೆ ಬೈದರು. ಹಿರಿಯ ಸೊಂಟ ಹಿಡಿದುಕೊಂಡು ಓಡೋಡಿ ಬಂದ.

"ಇದನ್ನೇ ಹೇಳೋಕೆ ಊರಿನ ಕೈಲಿ ಎರಡು ಸಲ ಒರೆಸಿಸಿದೆಯಾ? ಮಧ್ಯೆ ಏನಾಯ್ತು ಅಂತಾದರೂ ಹೇಳು."

"ಒಳಗಿನ ಮಾತು ಯಜಮಾನ್ರೇ" ಎಂದಳು ತಂಗಿ. "ಹೊರಗೆ ಸಾರೋ ಹಾಗಿಲ್ಲ."

ಹಿರಿಯ ತನ್ನದೇ ನಿಯಮಕ್ಕೆ ತಲೆದೂಗಿ, ಕಂಕುಳಲ್ಲಿದ್ದ ಬೆಳ್ಳಿ ಕಟ್ಟಿನ ಕೋಲನ್ನು ಅವಳ ಕಡೆ ಚಾಚಿದ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಗಳಿಗೆ ಕಳೆದಿತ್ತು, ಹಿತ್ತಿಲಿನಿಂದ ಅಕ್ಕ ಎರಡನೆಯ ಸಲ ಕೂಗುತ್ತಿದ್ದಳು.